ಅಪ್ಪನ ಬೆರಳಿನ ಗಂಟು

ಹಂಗಳ
12-6-2005, ಭಾನುವಾರ

ಅಣ್ಣ ಪುಟ್ಟಮಲ್ಲಪ್ಪನಿಗೆ ತಂಗಿ ಮಲ್ಲಿಗಮ್ಮನ ಶರಣು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆದೇ ಕಾಗದ ಶುರು ಮಾಡಬೇಕು. ಆ ಸಾಲು ಬರೆಯೋಕೆ ಕೈ ಬರ್ತಾ ಇಲ್ಲ ಕಣಣ್ಣ. ಯಾರಿಗೂ ಜ್ವರ ಇಲ್ಲ, ಯಾರೂ ಮಲಗಿಲ್ಲ, ಹೊತ್ತೊತ್ತಿಗೆ ಉಣ್ತಾ ಇದ್ದೇವೆ. ಆದರೂ ಬರ್ತಾ ಇಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಅಂಗಡಿ ಕಾಯಿನ್ ಬೂತಿನ ಹಿಂದೆ ನಾಲ್ಕು ಜನ ನಿಂತಿರ್ತಾರೆ. ಇದು ನಾಲ್ಕು ಜನರ ಮುಂದೆ ಕೂಗಿ ಹೇಳೋ ಮಾತಲ್ಲ.

ವಿಷಯ ನಮ್ಮಿಬ್ಬರ ಮೊಮ್ಮಗಳು ರಂಜಿನಿದು. ಅವಳ ಬೆರಳ ಗೆಣ್ಣಿನ ಮೇಲಿನ ಹಳದಿ ಗಂಟು ನೋಡಿ ಸ್ಕೂಲಿನಲ್ಲಿ ಹುಡುಗರು 'ಕಡಲೆಕಾಯಿ' ಅಂತ ರೇಗಿಸ್ತಾವೆ ಅಂತ ಹೋದ ವರ್ಷವೇ ಅಳ್ತಿದ್ದಳು. ಬೇಸಿಗೆ ರಜೆಯಲ್ಲಿ ನಿನ್ನ ಮಗಳು ತೇಜಸ್ವಿನಿ, ಅದನ್ನ ಕುಯ್ಸಿ ತೆಗೆಸಿಬುಡನ ಅತ್ತೆ ಅಂತ ಮೈಸೂರಿಗೆ ಹೊರಟಳು. ನಾನೂ ಹೋದೆ. ಚರ್ಮದ ಡಾಕ್ಟರು ಕುಯ್ಯಲಿಲ್ಲ. ಗಂಟು ಒತ್ತಿ ನೋಡಿದರು, ಮೊಣಕೈ ನೋಡಿದರು, ಮಂಡಿ ನೋಡಿದರು. ಆಮೇಲೆ ಇವಳ ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆ ಆದವರಾ ಅಂತ ಕೇಳಿದರು. ಹೌದು ಸ್ವಾಮಿ, ನನ್ನ ಮಗ ರಘುನಾಥ, ನಮ್ಮಣ್ಣನ ಮಗಳು ಇವಳು ಅಂದೆ. ಅಷ್ಟಕ್ಕೇ ರಕ್ತ ತೆಗೆಸಿ ಅಂತ ಬರೆದುಕೊಟ್ಟರು.

ರಕ್ತದಲ್ಲಿ ಕೊಬ್ಬು ಇನ್ನೂರರೊಳಗೆ ಇರಬೇಕಂತೆ. ನಮ್ಮ ಮಗುದು ಆರುನೂರು ಚಿಲ್ಲರೆ. ಅಲ್ಲಿಂದ ಹೃದಯದ ಡಾಕ್ಟರ ಹತ್ತಿರ ಕಳಿಸಿದರು. ಹೆಂಗಸು, ಚಿಕ್ಕ ವಯಸ್ಸು. ಹೇಳಿದ್ದನ್ನೇ ಮೂರು ಸಲ ಹೇಳಿದರೂ ಬೇಜಾರು ಮಾಡಿಕೊಳ್ಳಲಿಲ್ಲ. ರಕ್ತದ ಕೊಬ್ಬು ಗುಡಿಸಿ ಹಾಕೋ ಶಕ್ತಿ ಈ ಮಗುಗೆ ಹುಟ್ಟಿನಿಂದಲೇ ಇಲ್ಲವಂತೆ, ಆ ಕೊಬ್ಬೇ ಗಂಟಾಗಿ ಕೂತಿರೋದಂತೆ. ಬೆರಳಲ್ಲಿ ಕೂತರೆ ಕಣ್ಣಿಗೆ ಕಾಣುತ್ತೆ, ಹೃದಯದ ನಾಳದಲ್ಲಿ ಕೂತರೆ ಕಾಣಲ್ಲ ಅಂದರು. ದಿನಾ ರಾತ್ರಿ ಒಂದು ಮಾತ್ರೆ. ಎಷ್ಟು ದಿನ ಅಂದೆ. ಇರೋವರೆಗೂ ಅಂದರು.

ನಾನು ಕೇಳಿದೆ, ತಾಯಿ, ನಾವು ಲಿಂಗ ಕಟ್ಟಿದ ಜನ, ಮೊಟ್ಟೆನೂ ಹೊಸ್ತಿಲ ಒಳಗೆ ತರಲ್ಲ, ನಮ್ಮ ಮಗುಗೆ ಕೊಬ್ಬು ಎಲ್ಲಿಂದ ಬಂತು ಅಂತ. ಅವರು ನಗಲಿಲ್ಲ. "ತಿಂದು ಬಂದಿದ್ದಲ್ಲ ಅಜ್ಜಿ. ತಾಯಿ ಕಡೆಯಿಂದ ಅರ್ಧ, ತಂದೆ ಕಡೆಯಿಂದ ಅರ್ಧ ಬಂದಿದೆ. ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂಗೆ ಹೋಗಿದ್ದಾರಾ?" ಅಂದರು.

ಅಪ್ಪ, ಅಂದೆ. ಹೇಗೆ ಹೋದರು, ಏನಾಗಿತ್ತು ಅಂದರು. ನನಗೆ ಗೊತ್ತಿಲ್ಲ ಕಣಣ್ಣ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರು ನನ್ನ ಬಳಪ ಸ್ಲೇಟು ಚೀಲಕ್ಕೆ ಹಾಕಿ, ಮನೆಗೆ ನಡಿಯಮ್ಮ ಅಂದದ್ದು ಗೊತ್ತು. ಮನೆ ಮುಂದೆ ಜನ ಇದ್ದದ್ದು ಗೊತ್ತು. ಮತ್ತೆ ನಾನು ಸ್ಕೂಲಿಗೆ ಹೋಗಲಿಲ್ಲ, ಅದು ಗೊತ್ತು. ಸಂತೆಗೆ ಹೋಗೋವಾಗ ಅಪ್ಪನ ಕೈಯ ಆ ಗಂಟಿನ ಬೆರಳೇ ಬೇಕು ಅಂತ ನಾನೂ ನೀನೂ ಕಿತ್ತಾಡ್ತಿದ್ದದ್ದು ನಿನ್ನೆ ಮೊನ್ನೆ ಆದ ಹಾಗೆ ಇದೆ. ಅಪ್ಪ ಹೋದದ್ದು ಮಾತ್ರ ಗೊತ್ತಿಲ್ಲ.

ಪಕ್ಕದ ಮನೆ ಸಿದ್ದಯ್ಯನವರಿಗೆ ಎದೆ ಹಿಡಿದುಕೊಂಡಿತ್ತಲ್ಲ, ಅವರೂ ಇಂಥದ್ದೇ ಮಾತ್ರೆ ನುಂಗ್ತಾರೆ. ಅರವತ್ತು ದಾಟಿದೋರ ಮಾತ್ರೆ ಎಂಟು ವರ್ಷದ ಮಗು ಬಾಯಿಗೆ ಹಾಕೋಕೆ ನನಗೆ ಹೆದರಿಕೆ. ಹಾಕದೇ ಇರೋಕೂ ಹೆದರಿಕೆ. ನೀನು ಹಿರಿಯ. ಅಪ್ಪ ಹೆಂಗೆ ಹೋದ ಅಂತ ಬರಿ. ನಿನ್ನ ಕೈಯಲ್ಲೂ ಗಂಟಿದೆಯಲ್ಲ, ಚಾಮರಾಜನಗರಕ್ಕೆ ಹೋಗಿ ಒಂದು ಸಲ ರಕ್ತ ತೋರಿಸು.

ಇಂತಿ ನಿನ್ನ ತಂಗಿ
ಮಲ್ಲಿಗಮ್ಮ


ಹರವೆ
3-7-2005

ತಂಗಿ ಮಲ್ಲಿಗಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಅರಿಸಿನದ ಹೊಲದಲ್ಲಿ ಕಳೆ ಇತ್ತು, ಬರೆಯೋಕೆ ಆಗಲಿಲ್ಲ.

ಅಪ್ಪ ಹೋದದ್ದು ಬಿಸಿಲು ಬಡಿದು. ಅದರಲ್ಲಿ ಡಾಕ್ಟರಿಗೆ ಹೇಳುವಂಥದ್ದು ಏನೂ ಇಲ್ಲ.

ನಿನ್ನ ಮಗ ಫೋನು ಮಾಡಿದ್ದ. ಮಾವ, ನಿಮ್ಮ ಕಡೆಯಿಂದಲೂ ಬಂದಿದೆಯಂತೆ, ನೀವೂ ರಕ್ತ ಕೊಡಿ ಅಂದ. ಹುಡುಗ ಅಂತ ಸುಮ್ಮನಿದ್ದೆ. ಐವತ್ತೈದು ವರ್ಷ ಆಯ್ತು ನನಗೆ, ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ನನ್ನ ಮನೆಗೆ ರೋಗ ಕಟ್ಟೋಕೆ ಬರಬೇಡಿ. ನಾಳೆ ನನ್ನ ಮಗ ಶರತ್‌ಗೆ ಹೆಣ್ಣು ಕೇಳೋಕೆ ಹೋದರೆ, ಇವರ ವಂಶದಲ್ಲಿ ಎದೆ ರೋಗ ಇದೆಯಂತೆ ಅಂತ ಮುಂಚೆಯೇ ಸುದ್ದಿ ಹೋಗಿರುತ್ತೆ.

ಇನ್ನೊಂದು ಮಾತು. ಆ ಮಗು ಹಲ್ಲು ಬರೋ ವಯಸ್ಸಿನಲ್ಲಿ ನನ್ನ ತೊಡೆ ಮೇಲೆ ಕೂತಿತ್ತು. ಬೆರಳು ಹಿಡಿದು ನೋಡಿದರೆ ಗೆಣ್ಣಿನ ಮೇಲೆ ಸಾಸಿವೆಯಷ್ಟು ಗಂಟು. ನೀನೇ ಅಲ್ಲವಾ, ಅಣ್ಣ, ಅಪ್ಪ ಬಂದವನೆ ನೋಡು ಅಂತ ಅತ್ತವಳು? ಅವತ್ತಿನಿಂದ ನಾನು ಅವಳನ್ನ ಹೆಸರಿಟ್ಟು ಕೂಗಿಲ್ಲ, ಅಪ್ಪಾ ಅಂತಲೇ ಕೂಗೋದು. ಪ್ರತಿ ವರ್ಷ ಹಿರಿಯರ ಎಡೆಯ ಬೆಣ್ಣೆ ಅವಳೇ ಮೊದಲು ತಿಂತಾಳೆ. ಈಗ ಮಾತ್ರೆ ಹಾಕಿ ಆ ಗಂಟು ಕರಗಿಸ್ತೀರಂತೆ. ನಮ್ಮಪ್ಪನ್ನ ಕರಗಿಸ್ತೀಯಾ ಮಲ್ಲೀ?

ಮಾತ್ರೆ ಬೇಡ. ಮಗುನ ಮಹಾಲಯ ಅಮಾವಾಸ್ಯೆಗೆ ಇಲ್ಲಿಗೆ ಕಳಿಸು. ಈ ವಿಷಯಕ್ಕೆ ಇನ್ನು ಕಾಗದ ಬೇಡ.

ಪುಟ್ಟಮಲ್ಲಪ್ಪ


ಹಂಗಳ
21-8-2005

ಅಣ್ಣನಿಗೆ ಶರಣು.

ಕಾಗದ ಬೇಡ ಅಂತ ನೀನು ಅಂದಿದ್ದೆ. ಬರೆಯದೆ ಇರೋಕೆ ನೋಡಿದೆ, ಆಗಲಿಲ್ಲ. ಓದದೆ ಒಲೆಗೆ ಹಾಕೋದಾದರೆ ಹಾಕು, ನಾನು ಬರೆದು ಹಗುರ ಆಗ್ತೀನಿ.

ಮಾತ್ರೆ ಕೊಡ್ತಾ ಇದ್ದೀವಿ. ನೀನು ಬೇಡ ಅಂದಮೇಲೆ ನಾನು ನಿಲ್ಲಿಸ್ತಿದ್ದೆನೋ ಏನೋ, ರಘುನಾಥ ಒಪ್ಪಲಿಲ್ಲ. ಕೇರಳಕ್ಕೆ ಟೊಮೆಟೊ ಲೋಡು ತಗೊಂಡು ಹೋಗೋ ದಿನವೂ ಹೊರಡೋ ಮುಂಚೆ, ಅವ್ವ ಮಾತ್ರೆ, ಅಂತ ಒಂದು ಮಾತು ಎಸೆದೇ ಹೋಗ್ತಾನೆ. ತೇಜಸ್ವಿನಿ ಗಂಡನ ಮುಖ ನೋಡ್ತಾಳೆ, ನೀನು ಬರೆದ ಕಾಗದ ಇರೋ ಗೂಡಿನ ಕಡೆ ನೋಡ್ತಾಳೆ, ಒಳಗೆ ಹೋಗ್ತಾಳೆ.

ಮಾತ್ರೆ ನುಂಗಿದ ಮೇಲೆ ಮಗು ಕಾಲು ನೋವು ಅಂದರೆ ತಡ ಮಾಡದೆ ಕರೆದುಕೊಂಡು ಬನ್ನಿ ಅಂತ ಡಾಕ್ಟರಮ್ಮ ಹೇಳಿದ್ದರು. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಎದ್ದವಳೇ, ಅಜ್ಜಿ ತೊಡೆ ನೋಯ್ತದೆ ಅಂದಳು. ನಾನು ಒಲೆ ಮೇಲಿನ ಹಿಟ್ಟಿನೆಸರು ಹಾಗೇ ಬಿಟ್ಟು, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿಬುಟ್ಟೆ. ಗುಂಡ್ಲುಪೇಟೆ ದಾಟೋವರೆಗೂ ಯಾವ ದೇವರ ಹೆಸರನ್ನೂ ಬಿಡಲಿಲ್ಲ. ಡಾಕ್ಟರಮ್ಮ ಕಾಲು ಮುಟ್ಟಿ ನೋಡಿ, ನಿನ್ನೆ ಏನು ಆಟ ಆಡಿದೆ ಪುಟ್ಟಿ ಅಂತ ಕೇಳಿದರು. ದಿನವೆಲ್ಲ ಕುಂಟಾಬಿಲ್ಲೆ ಆಡಿದ್ದಾಳೆ ಅಣ್ಣ, ಗುಡಿ ಮುಂದೆ, ಒಂದೇ ಕಾಲಲ್ಲಿ. ಆದರೂ ರಕ್ತ ನೋಡಿದರು, ಏನೂ ತೊಂದರೆ ಇರಲಿಲ್ಲ. ವಾಪಸ್ಸು ಬಂದರೆ ಸಿದ್ದಯ್ಯನವರು ಜಗಲಿ ಮೇಲೆ ಕೂತು, "ಮಲ್ಲಿಗಮ್ಮ, ನಿನ್ನ ಮೊಮ್ಮಗಳ ಕಾಲಿಗೆ ಏನೂ ಆಗಿಲ್ಲ, ನಿನ್ನ ತಲೆಗೆ ಒಂದು ಮಾತ್ರೆ ಈಸ್ಕೊಂಡು ಬರಬೇಕಾಗಿತ್ತು" ಅಂದರು. ಬಯ್ಯೋಣ ಅಂದುಕೊಂಡೆ, ನಗು ಬಂತು.

ಈಗ ನಿಜವಾಗಿ ಬರೆಯಬೇಕಾದ್ದು. ನನ್ನ ರಕ್ತವನ್ನೂ ರಘುನಾಥನ ರಕ್ತವನ್ನೂ ತೆಗೆದಿದ್ದರು. ಇಬ್ಬರಿಗೂ ಇದೆ. ಮಗುದಷ್ಟು ಜಾಸ್ತಿ ಇಲ್ಲ, ಇದೆ ಅಷ್ಟೆ. ನನಗೂ ಮಾತ್ರೆ ಬರೆದಿದ್ದಾರೆ. ನಿನ್ನ ಬೆರಳಿಗೆ ಗಂಟು ಬಂದಾಗ ನಿನಗೆ ಇಪ್ಪತ್ತು ವರ್ಷ ಇರಬೇಕು. ಅವ್ವ ನಿನ್ನ ಕೈ ಕಣ್ಣಿಗೆ ಒತ್ತಿಕೊಂಡಿದ್ದಳು. ಅಪ್ಪ ನಿನಗೆ ಗುರುತು ಕೊಟ್ಟ, ನನಗೆ ಕೊಡಲಿಲ್ಲ ಅಂತ ನಾನು ಹಿತ್ತಲಲ್ಲಿ ಕೂತು ಅತ್ತಿದ್ದೆ. ನೀನು ಬಂದು, ಬೇಕಾದರೆ ಒಂದು ಕಿತ್ತು ಕೊಡ್ಲಾ ಅಂತ ರೇಗಿಸಿದ್ದೆ. ಈಗ ಡಾಕ್ಟರು ಕಾಗದ ನೋಡಿ, ನಿಮಗೂ ನಿಮ್ಮ ತಂದೆಯಿಂದಲೇ ಬಂದಿರಬೇಕು ಅಜ್ಜಿ ಅಂದಾಗ, ಹೆದರಬೇಕಾದೋಳು ನಾನು, ಒಂದು ಗಳಿಗೆ ಸಂತೋಷ ಆಯ್ತು ಕಣಣ್ಣ. ಎಂಥಾ ಹುಚ್ಚು ನೋಡು. ನನಗೂ ಕೊಟ್ಟಿದ್ದ, ಕಾಣದ ಹಾಗೆ ಕೊಟ್ಟಿದ್ದ.

ಆಮೇಲೆ ಹೆದರಿಕೆ ಆಯ್ತು. ಅಪ್ಪ ಕೊಟ್ಟದ್ದು ಇದೇ ಆದರೆ, ಅಪ್ಪನನ್ನ ತಗೊಂಡು ಹೋದದ್ದೂ ಇದೇ ಇರಬೇಕಲ್ಲ. ನೀನು ಬಿಸಿಲು ಅಂತ ಬರೆದಿದ್ದೀಯ. ಅಪ್ಪ ಹೋದದ್ದು ಅರಿಸಿನ ಕೀಳೋ ಕಾಲದಲ್ಲಿ, ಬೆಳಿಗ್ಗೆ ಇಬ್ಬನಿ ಬೀಳ್ತಿತ್ತು. ನಾನು ಓದಿದ್ದು ಕಮ್ಮಿ ಆದರೂ ಚಳಿ ಯಾವುದು ಬಿಸಿಲು ಯಾವುದು ಗೊತ್ತಾಗುತ್ತೆ.

ಇಂತಿ
ಮಲ್ಲಿಗಮ್ಮ


ಹಂಗಳ
2-10-2005

ಅಣ್ಣ,

ಇವತ್ತು ಗಾಂಧಿ ಜಯಂತಿ, ಭಾನುವಾರ ಬೇರೆ, ಪೋಸ್ಟಿಗೆ ಹಾಕೋ ಹಾಗಿಲ್ಲ. ಹರವೆ ಮೇಲೆ ಹೋಗೋ ಬಸ್ಸಿನ ಕಂಡಕ್ಟರ್ ಪುಟ್ಟಮಾದು ಕೈಲಿ ಇದನ್ನೂ ಇದರ ಜೊತೆ ಡಬ್ಬವನ್ನೂ ಕಳಿಸ್ತಾ ಇದ್ದೀನಿ. ಡಬ್ಬದ ಮೇಲೆ ಹುರಿಗಾಳು ಇದೆ, ಕೆಳಗೆ ರಂಜಿನಿಯ ಮಾತ್ರೆ ಇದೆ.

ನಿನ್ನೆ ತೇಜಸ್ವಿನಿ ಮಗುನ ಕರೆದುಕೊಂಡು ನಿನ್ನಲ್ಲಿಗೆ ಹೊರಟಾಗ ಬಟ್ಟೆ, ಬಾಚಣಿಗೆ, ಹೋಂವರ್ಕ್ ಪುಸ್ತಕ ಎಲ್ಲ ಜೋಡಿಸಿಕೊಂಡಳು. ಇವತ್ತು ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದರೆ ಮಾತ್ರೆ ಅಲ್ಲೇ ಕೂತಿದೆ. ಮರೆತಳೋ, ಬಿಟ್ಟು ಹೋದಳೋ, ಕೇಳೋಕೆ ನನಗೆ ಬಾಯಿಲ್ಲ. ನಾನೇ ಬರೋಣ ಅಂದರೆ ನಾಳೆ ಅಮಾವಾಸ್ಯೆ, ನಮ್ಮ ಯಜಮಾನರಿಗೆ ಇಲ್ಲಿ ನಾನೇ ಎಡೆ ಇಡಬೇಕು, ರಘುನಾಥ ಕಲ್ಲಿಕೋಟೆಯಿಂದ ಇನ್ನೂ ಬಂದಿಲ್ಲ. ಮತ್ತೆ ನೀನು ಬಾ ಅಂತ ಕರೆದೂ ಇಲ್ಲ.

ಬೇಡಿಕೋತೀನಿ ಅಣ್ಣ. ಅಪ್ಪನಿಗೆ ಬೆಣ್ಣೆ ಇಡು, ಹೋಳಿಗೆ ತುಪ್ಪ ಇಡು, ಅಪ್ಪ ಬಂದು ತಿನ್ನಲಿ. ಮಗುಗೆ ತಿನ್ನಿಸಬೇಡ. ರಾತ್ರಿ ಊಟ ಆದಮೇಲೆ ಒಂದು ಮಾತ್ರೆ ಅವಳ ಕೈಗೆ ಕೊಟ್ಟರೆ ಸಾಕು, ಅವಳೇ ನೀರು ತಗೊಂಡು ನುಂಗ್ತಾಳೆ. ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮಪ್ಪನ್ನ ಕರಗಿಸ್ತೀಯಾ ಅಂತ ನೀನು ಕೇಳಿದ್ದೆ. ಮೂರು ತಿಂಗಳಿಂದ ಅದೇ ಮಾತು ತಲೇಲಿ ಸುತ್ತುತ್ತಾ ಇದೆ. ನನಗೆ ಇಷ್ಟು ಗೊತ್ತು. ಅಪ್ಪ ಹೋದಮೇಲೆ ನೀನು ಏಳನೇ ಕ್ಲಾಸು ಬಿಟ್ಟು ನೇಗಿಲು ಹಿಡಿದೆ. ನಾನು ನಾಲ್ಕನೇ ಕ್ಲಾಸು ಬಿಟ್ಟು ಕಂಡೋರ ತೋಟದಲ್ಲಿ ಕಳೆ ಕಿತ್ತೆ. ಆ ಗಂಟು ಇಟ್ಟುಕೊಂಡು ನಾವು ಅಪ್ಪನ್ನ ಕಳಕೊಂಡೆವು. ರಂಜಿನಿ ಗಂಟು ಕಳಕೊಂಡು ಇರಲಿ.

ಪುಟ್ಟಮಾದು ಬಸ್ಸು ತೆಗೀತಾ ಇದ್ದಾನೆ.

ಮಲ್ಲಿಗಮ್ಮ


ಹರವೆ
7-10-2005

ಮಲ್ಲೀ,

ಡಬ್ಬ ಬಂತು. ಪುಟ್ಟಮಾದು ಅರ್ಧ ಹುರಿಗಾಳು ದಾರಿಯಲ್ಲೇ ತಿಂದಿದ್ದ. ಮಾತ್ರೆ ಸರಿಯಾಗಿತ್ತು.

ತೇಜಸ್ವಿನಿಯನ್ನ ಏನೂ ಅನ್ನಬೇಡ. ಅವಳು ಮರೆತದ್ದಲ್ಲ, ನಾನೇ ಬಿಟ್ಟು ಬಾ ಅಂತ ಹೇಳಿಕಳಿಸಿದ್ದೆ. ನೀನು ಕಳಿಸಿದ ಮಾತ್ರೆಯನ್ನೂ ಅಂಗಿ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದೆ.

ಮಾರನೇ ದಿನ ಎಡೆ ಇಟ್ಟೆವು. ಪೂಜೆ ಆದಮೇಲೆ ಪ್ರತಿ ವರ್ಷದ ಹಾಗೆ ಅವಳನ್ನ ಮಣೆ ಮೇಲೆ ಕೂರಿಸಿ, ಬೆಣ್ಣೆ ಮುಂದಿಟ್ಟು, ತಿನ್ನಪ್ಪಾ ಅಂದೆ. ಅವಳು ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡಳು. ಹಟ ಮಾಡಲಿಲ್ಲ, ಅಳಲಿಲ್ಲ. ಸುಮ್ಮನೆ ಕೇಳಿದಳು.

"ತಾತ, ನಿಮ್ಮಪ್ಪ ಸತ್ತೋದಾಗ ಎಷ್ಟು ವರ್ಷ?"

"ಮೂವತ್ತಾರು ಕಣಮ್ಮಿ" ಅಂದೆ.

"ನಮ್ಮಪ್ಪನಿಗೆ ಈಗ ಮೂವತ್ತೆರಡು" ಅಂದಳು. ಬೆರಳು ಮಡಿಸಿದಳು. ನಾಲ್ಕನೇ ಬೆರಳಿಗೆ ನಿಂತು ನನ್ನ ಮುಖ ನೋಡಿದಳು. "ಅಷ್ಟೇನಾ ತಾತ?"

ಜನ ಕೂತಿದ್ದರು. ಶರತ್ ಎದ್ದು ಹೊರಗೆ ಹೋದ. ತೇಜಸ್ವಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಬೆಣ್ಣೆಯನ್ನ ಎಡೆಯ ಹತ್ತಿರ ವಾಪಸ್ಸು ಇಟ್ಟೆ. ರಾತ್ರಿ ಊಟ ಆದಮೇಲೆ ಜೇಬಿನ ಗುಂಡಿ ಬಿಚ್ಚಿದೆ. ನೀನು ಹೇಳಿದ ಹಾಗೇ ಅವಳೇ ನುಂಗಿದಳು. ಹಿಂದಿನ ಎರಡು ರಾತ್ರಿದು ತಪ್ಪಿತ್ತು, ಸೇರಿಸಿ ಮೂರು ನುಂಗಲಾ ಅಂತ ಕೇಳಿದಳು. ಬೇಡ ಅಂದಳು ತೇಜಸ್ವಿನಿ. ಅಲ್ಲಿಂದ ತಪ್ಪಿಲ್ಲ.

ಈಗ ನೀನು ಕೇಳಿದ್ದು. ಬಿಸಿಲಲ್ಲ. ನೀನು ಬರೆದದ್ದು ಸರಿ.

ಅಪ್ಪನಿಗೆ ಅದರ ಹಿಂದಿನ ವರ್ಷದಿಂದಲೇ ಆಗ್ತಿತ್ತು. ಹೊಲದಿಂದ ಹೊರೆ ಹೊತ್ತು ಬರೋವಾಗ ಕೆರೆ ಏರಿ ಹತ್ತಿರ ಬಂದರೆ ಮುಖ ಬೆವರೋದು, ಎದೆ ಮೇಲೆ ಕಲ್ಲು ಇಟ್ಟಂಗೆ ಆಯ್ತದೆ ಕಣ್ಲಾ ಅನ್ನೋನು. ಆದರೆ ಅಂಥಾ ಆಳು ಹೊರೆ ಇಳಿಸಿ ಕೂತರೆ ಹಿಂದೆ ಬರೋರು ನಗ್ತಾರೆ. ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಏರಿ ಬಂದ ತಕ್ಷಣ, ಅಪ್ಪಾ ಮುಳ್ಳು ಚುಚ್ತು, ಅಂತ ಕೂಗಿ ಕೂತುಬುಡ್ತಿದ್ದೆ. ಅಪ್ಪ ಹೊರೆ ಇಳಿಸಿ, ಇದರದ್ದೊಂದು ಕಾಟ, ಅಂತ ನಾಲ್ಕು ಜನಕ್ಕೆ ಕೇಳೋ ಹಾಗೆ ಬಯ್ದು, ನನ್ನ ಕಾಲು ತೊಡೆ ಮೇಲೆ ಇಟ್ಟುಕೊಂಡು ಇಲ್ಲದ ಮುಳ್ಳು ಹುಡುಕೋನು. ಉಸಿರು ಸರಿ ಆಗೋವರೆಗೂ ಹುಡುಕೋನು. ಇಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಿಲ್ಲ. ನನ್ನ ಅಂಗಾಲಿನ ಮೇಲೆ ಆ ಗಂಟಿನ ಬೆರಳು ಓಡಾಡ್ತಿದ್ದದ್ದು ಈಗಲೂ ಗೊತ್ತಾಗುತ್ತೆ. ಅದಕ್ಕಿಂತ ಸುಖ ನಾನು ಕಂಡಿಲ್ಲ ಅಂತ ಹೇಳಿದರೆ ನೀನು ನಂಬಬೇಕು.

ಅರಿಸಿನ ಕೀಳೋವಾಗ ಒಂದು ಬೆಳಿಗ್ಗೆ ನಾನು ಇನ್ನೂ ಕೂಗಿರಲಿಲ್ಲ. ಅಪ್ಪನೇ ಹೊರೆ ಇಳಿಸಿ ಬದುವಿನ ಮೇಲೆ ಕೂತ. ಅವ್ವನಿಗೆ ಹೇಳಬ್ಯಾಡ ಅಂದ. ಮತ್ತೆ ಏಳಲಿಲ್ಲ. ಹೇಳಬ್ಯಾಡ ಅಂದಿದ್ದನಲ್ಲ, ನಾನು ಯಾರಿಗೂ ಹೇಳಲಿಲ್ಲ.

ಈಗ ಬಸ್‌ಸ್ಟ್ಯಾಂಡಿಂದ ಮನೆಗೆ ಬರೋವಾಗ ಅರಳಿಮರದ ಹತ್ತಿರ ನಾನೂ ಒಂದು ಗಳಿಗೆ ನಿಲ್ತೀನಿ. ಯಾರಾದರೂ ಬಂದರೆ ಬೀಡಿ ಹಚ್ತೀನಿ. ನನಗೆ ಮುಳ್ಳು ಚುಚ್ಚಿಸಿಕೊಳ್ಳೋರು ಇಲ್ಲ, ಅಷ್ಟೇ ವ್ಯತ್ಯಾಸ.

ರಂಜಿನಿ ನನ್ನ ಹತ್ತಿರವೇ ಮಲಗಿದ್ದಾಳೆ. ರಜ ಮುಗಿದ ಮೇಲೆ ಕಳಿಸ್ತೀನಿ.

ಪುಟ್ಟಮಲ್ಲಪ್ಪ


ಹಂಗಳ
11-10-2005, ಆಯುಧಪೂಜೆ

ಅಣ್ಣನಿಗೆ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಅಪ್ಪನ ಬಗ್ಗೆ ಬರೆದದ್ದು ಓದಿ ಅಳಬೇಕಾಗಿತ್ತು. ಆದರೆ ಅದರ ಕೆಳಗಿನ ನಾಲ್ಕು ಸಾಲು ಇದೆಯಲ್ಲ, ಅರಳಿಮರದ್ದು, ಅದನ್ನ ಓದಿದ ಮೇಲೆ ಅಳೋಕೆ ಪುರುಸೊತ್ತಿಲ್ಲ.

ರಘುನಾಥ ಬೆಳಿಗ್ಗೆ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದಾಯ್ತು. ಪೂಜೆ ಆದ ಗಾಡಿಯ ಮೊದಲ ಬಾಡಿಗೆ ನಿನ್ನದೇ. ಈ ಕಾಗದ ಅವನ ಕೈಲೇ ಕಳಿಸ್ತಿದ್ದೀನಿ, ಅವನು ನಿನ್ನ ಮನೆ ಬಾಗಿಲಲ್ಲಿ ನಿಂತಿರೋವಾಗ ನೀನು ಇದನ್ನ ಓದ್ತಾ ಇರ್ತೀಯ. ಅವನು ಫೋನಿನಲ್ಲಿ ಆಡಿದ ಮಾತಿಗೆ ಸಿಟ್ಟಿದ್ದರೆ ದಾರಿಯಲ್ಲಿ ಬಯ್ಯಿ, ಮೈಸೂರು ದೂರ ಇದೆ, ಬೇಕಾದಷ್ಟು ಬಯ್ಯಬಹುದು. ಬೀಗ ಅಂತ ಮರ್ಯಾದೆ ಕೊಟ್ಟು ಬರೆಯಬೇಕಾದೋಳು ನಾನು. ಇವತ್ತು ಕೊಡಲ್ಲ. ಗಾಡಿ ಹತ್ತಲ್ಲ ಅಂತ ಏನಾದರೂ ಅಂದೆಯೋ, ನಾನೇ ಬಂದು ನಿಮ್ಮೂರ ಬೀದಿಯಲ್ಲಿ ಕೂತು ಬಾಯಿ ಬಡಕೊಳ್ತೀನಿ. ಶರತ್ ಮದುವೆ ವಿಷಯ ಆಮೇಲೆ ನೋಡೋಣ.

ಆವಾಗ ನೀನು ಹನ್ನೆರಡು ವರ್ಷದ ಹುಡುಗ. ಅಪ್ಪ ಹೇಳಬ್ಯಾಡ ಅಂದ, ನೀನು ಹೇಳಲಿಲ್ಲ. ನನಗೆ ಯಾರೂ ಹೇಳಬ್ಯಾಡ ಅಂದಿಲ್ಲ. ನಾನು ಎಲ್ಲರಿಗೂ ಹೇಳೋಳು. ನಿನ್ನ ಎದೆಯಲ್ಲಿ ಏನಾಗ್ತಿದೆ ಅಂತ ಡಾಕ್ಟರಮ್ಮನಿಗೆ ಒಂದು ಚೀಟಿ ಬರೆದಿದ್ದೀನಿ, ಅದೂ ರಘುನಾಥನ ಜೇಬಲ್ಲಿದೆ. ನಿಲ್ತೀನಿ ಅಂತ ಬರೆದಿದ್ದೀಯಲ್ಲ, ಎಲ್ಲಿ ನಿಲ್ತೀಯ, ಎಷ್ಟು ಹೊತ್ತು ನಿಲ್ತೀಯ, ನೀನೇ ಬಾಯಿ ಬಿಟ್ಟು ಹೇಳಬೇಕು.

ಹೊರಡು ಅಣ್ಣ.

ಮಲ್ಲಿ


ಹಂಗಳ
15-1-2006

ಅಣ್ಣನಿಗೆ ಸಂಕ್ರಾಂತಿಯ ಶರಣು.

ನಿನ್ನ ಎದೆ ಕುಯ್ದು ಹೊಲಿದು ಎರಡು ತಿಂಗಳಾಯ್ತು. ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕೂತಿದ್ದಷ್ಟು ದಿನ ಇಬ್ಬರೂ ಏನೂ ಮಾತಾಡಲಿಲ್ಲ. ಎದುರಿಗೆ ಬಂದರೆ ನಮಗೆ ಮಾತು ಬರಲ್ಲ. ಅದಕ್ಕೇ ಬರೀತಿದ್ದೀನಿ.

ಎಳ್ಳು ಬೆಲ್ಲ ಕಳಿಸಿದ್ದೀನಿ, ಕೊಬ್ಬರಿ ಹಾಕಿಲ್ಲ. ಕೊಬ್ಬರಿ ಇಲ್ಲದ ಎಳ್ಳು ಬೆಲ್ಲ ಬೀರಿದ್ದಕ್ಕೆ ಬೀದಿಯವರೆಲ್ಲ ನನ್ನ ಜಿಪುಣಿ ಅಂದವರೆ. ಅನ್ನಲಿ ಬುಡು. ತೂಕ ಎತ್ತಬೇಡ, ಬೀಡಿ ಮುಟ್ಟಬೇಡ. ಶರತ್ ಕೈಲಿ ವಿಚಾರಿಸ್ತಾ ಇರ್ತೀನಿ.

ರಂಜಿನಿ ರಕ್ತ ಮೊನ್ನೆ ನೋಡಿದರು. ಇಳಿದಿದೆ, ಆದರೆ ಸಾಲದಂತೆ. ಎರಡೂ ಕಡೆಯಿಂದ ಬಂದಿರೋದರಿಂದ ಒಂದು ಮಾತ್ರೆಗೆ ಬಗ್ಗಲ್ಲ, ಇನ್ನೊಂದು ಸೇರಿಸ್ತೀವಿ ಅಂದರು. ಎದೆಯ ಸ್ಕ್ಯಾನು ಈಗ ಸದ್ಯಕ್ಕೆ ಚೆನ್ನಾಗಿದೆ. ಮುಂದೆ ಹೇಗೋ ಅಂದೆ. ಮುಂದಕ್ಕೆ ಹೊಸ ಮದ್ದು ಬರಬಹುದು, ಅಲ್ಲಿವರೆಗೂ ಇದನ್ನ ಬಿಡದೆ ಕೊಡಿ ಅಂದರು. ನನಗೆ ಪೂರ್ತಿ ಸಮಾಧಾನ ಯಾವತ್ತೂ ಆಗಲ್ಲ, ಅದು ನನ್ನ ಜಾತಕ. ರಾತ್ರಿ ಅವಳೂ ನಾನೂ ಎದುರುಬದರು ಕೂತು ಮಾತ್ರೆ ನುಂಗ್ತೀವಿ. ನಾನು ಮುಖ ಕಿವುಚಿದರೆ, ಅಜ್ಜಿ ನಾಟಕ ಆಡಬ್ಯಾಡ ಅಂತಾಳೆ.

ಒಂದು ಹೇಳಬೇಕು. ಹೋದ ವಾರ ತೆರಕಣಾಂಬಿಯಲ್ಲಿ ದೊಡ್ಡಪ್ಪನ ಮಗ ಮರಿಮಲ್ಲಪ್ಪನ ಮನೆಗೆ ಸೀಮಂತಕ್ಕೆ ಹೋಗಿದ್ದೆ. ಅವನ ಮೊಮ್ಮಗ ಒಬ್ಬ, ಐದು ವರ್ಷ ಇರಬಹುದು, ಅಂಗಳದಲ್ಲಿ ಗೋಲಿ ಆಡ್ತಾ ಕುಕ್ಕರಗಾಲಲ್ಲಿ ಕೂತಿದ್ದ. ಹಿಮ್ಮಡಿ ಮೇಲೆ ಹಳದಿ ಗಂಟು. ಅವನ ಅಪ್ಪ ಅಮ್ಮನೂ ನಮ್ಮ ಹಾಗೇ ಒಳಗಿನ ಸಂಬಂಧ. ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಮರಿಮಲ್ಲಪ್ಪನ ಹೆಂಡತಿ ಬಂದು ಆ ಕಾಲು ಹಿಡಿದು, ನೋಡಿದ್ರಾ ಅತ್ತಿಗೆ, ನಮ್ಮ ಹಿರೀಕರು ಬಂದವರೆ, ಅಂತ ನನಗೇ ತೋರಿಸಿದಳು. ಅವಳ ಮುಖದಲ್ಲಿದ್ದ ಸಂತೋಷ ನೋಡಿ ನಾನು ಬಾಯಿ ಮುಚ್ಚಿಬುಟ್ಟೆ. ಅದೇ ಸಂತೋಷ ನನ್ನ ಮುಖದಲ್ಲಿ ಇತ್ತಲ್ಲ ಆವತ್ತು.

ನಾನು ಹೇಳಿದರೆ ಅವರು ಕೇಳಲ್ಲ, ಮಲ್ಲಿಗಮ್ಮನಿಗೆ ಎಲ್ಲದಕ್ಕೂ ಹೆದರಿಕೆ ಅಂತಾರೆ. ನೀನು ಆ ಮನೆಗೆಲ್ಲ ಹಿರಿಯ.

ಇಂತಿ
ಮಲ್ಲಿಗಮ್ಮ


ಹರವೆ
23-4-2006

ತಂಗಿಗೆ ಆಶೀರ್ವಾದ.

ಅರಳಿಮರದ ಹತ್ತಿರ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೋಗಿಬರ್ತೀನಿ. ಮೊದಲು ಅದನ್ನ ಬರಿ ಅಂತ ಶರತ್ ಹೇಳಿದ. ಅವನ ರಕ್ತವೂ ನೋಡಿಸಿದೆ, ಅವನಿಗೆ ಇಲ್ಲ. ಹೆಣ್ಣಿನ ಕಡೆಯವರಿಗೆ ನಾನೇ ಮುಂಚಿತವಾಗಿ ಎಲ್ಲ ಹೇಳಿದೆ. ಅವರು ಯೋಚನೆ ಮಾಡ್ತೀವಿ ಅಂದವರು ಇನ್ನೂ ಯೋಚನೆಯಲ್ಲೇ ಇದ್ದಾರೆ. ಇರಲಿ.

ಯುಗಾದಿಗೆ ರಂಜಿನಿ ಬಂದಿದ್ದಾಗ ಬೆರಳು ಹಿಡಿದು ನೋಡಿದೆ. ಗಂಟು ಮೆತ್ತಗಾಗಿದೆ, ಕಿರುಬೆರಳಿನದು ಹುಡುಕಬೇಕಾಯ್ತು. ಬೇಜಾರಾಗುತ್ತೆ ಅಂದುಕೊಂಡಿದ್ದೆ. ಆಯ್ತು, ಸ್ವಲ್ಪ. ಆಮೇಲೆ ಅವಳು ಕೈ ಬಿಡಿಸಿಕೊಂಡು ಆಟಕ್ಕೆ ಓಡಿದಳು. ಈಗ ಅವಳನ್ನ ರಂಜಿನಿ ಅಂತಲೇ ಕೂಗ್ತೀನಿ. ಮೊದಲ ಸಲ ಕೂಗಿದಾಗ ಯಾರನ್ನೋ ಕೂಗಿದರು ಅಂತ ಹಿಂದಕ್ಕೆ ತಿರುಗಿ ನೋಡಿದಳು.

ತೆರಕಣಾಂಬಿಗೆ ಹೋದೆ. ಮರಿಮಲ್ಲಪ್ಪ ಕಾಫಿ ಕೊಡಿಸಿದ. ವಿಷಯ ತೆಗೆದ ತಕ್ಷಣ, "ಪುಟ್ಟಮಲ್ಲಣ್ಣ, ನಿನಗೆ ಬಂತು ಅಂತ ನಮ್ಮ ಮನೆಗೂ ರೋಗ ಕಟ್ಟೋಕೆ ಬಂದಾ?" ಅಂದ. ನಾನು ನಿನಗೆ ಬರೆದದ್ದೇ ಮಾತು ಅಲ್ಲವಾ? ಸಿಟ್ಟು ಬರಲಿಲ್ಲ. ಎದ್ದು ಬಂದೆ.

ಮುಂದಿನ ಸಂತೆಗೆ ಮತ್ತೆ ಹೋದೆ. ಆವತ್ತು ಜಗಲಿ ಮೇಲೆ ಜನ ಇದ್ದರು. ಅಂಗಿ ಬಿಚ್ಚಿದೆ. ಕುತ್ತಿಗೆಯಿಂದ ಹೊಟ್ಟೆವರೆಗೆ ಹೊಲಿಗೆ ಇದೆಯಲ್ಲ, ತೋರಿಸಿದೆ. ಐವತ್ತೈದಕ್ಕೆ ನನಗೆ ಹೀಗೆ, ಮೂವತ್ತಾರಕ್ಕೆ ನಮ್ಮಪ್ಪನಿಗೆ ಹಾಗೆ, ಈ ಮಗುಗೆ ಎಷ್ಟಕ್ಕೆ ಅಂತ ನಾನು ಹೇಳಲಾರೆ, ಅಂದೆ. ನಮ್ಮಪ್ಪ ಹೊಲದ ಬದುವಿನ ಮೇಲೆ ಹೇಗೆ ಹೋದ ಅಂತ ಅಷ್ಟೂ ಜನರ ಮುಂದೆ ಹೇಳಿದೆ. ಮರಿಮಲ್ಲಪ್ಪ, ಅಂಗಿ ಹಾಕ್ಕೊ ಅಣ್ಣ ಗಾಳಿ ಇದೆ, ಅಂದ. ಅಷ್ಟೇ ಅಂದದ್ದು. ಅವನ ಹೆಂಡತಿ ಮಗುನ ಒಳಗೆ ಎತ್ತಿಕೊಂಡು ಹೋದಳು.

ಮೂರನೇ ಸಲ ಹೋದಾಗ ಕಾಫಿಯೂ ಬರಲಿಲ್ಲ. ಸುಮ್ಮನೆ ಕೂತು ಎದ್ದು ಬಂದು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ಮಾವ ಅಂದರು. ನೋಡಿದರೆ ಆ ಮನೆ ಸೊಸೆ, ಮಗುವಿನ ತಾಯಿ. ಹೆಸರು ಸ್ವರ್ಣಲತಾ ಅಂತೆ, ಅವತ್ತೇ ಗೊತ್ತಾಗಿದ್ದು. ತರಕಾರಿ ಚೀಲ ಕೈಯಲ್ಲಿತ್ತು, ಅದರೊಳಗೆ ಮಗುವಿನ ಒಂದು ಜೊತೆ ಬಟ್ಟೆ ಕಾಣ್ತಿತ್ತು. ಹುಡುಗ ಅವಳ ಸೆರಗು ಹಿಡಿದುಕೊಂಡು ನನ್ನ ಎದೆ ಕಡೆಯೇ ನೋಡ್ತಿದ್ದ.

"ಮೈಸೂರಿಗೆ ಯಾವ ಬಸ್ಸು ಮಾವ? ಎಲ್ಲಿ ಇಳೀಬೇಕು?" ಅಂದಳು. ಮನೆ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಬಾಯಲ್ಲಿ ಹೇಳೋಕೆ ಹೋದೆ. ಆಸ್ಪತ್ರೆ ಗೇಟು, ಎಡಕ್ಕೆ, ಚೀಟಿ ಮಾಡಿಸೋ ಜಾಗ, ಇಷ್ಟು ಹೇಳೋಷ್ಟರಲ್ಲಿ ಬಸ್ಸು ಬಂತು. ಹರವೆ ಬಸ್ಸಲ್ಲ, ಮೈಸೂರಿದು. ಹುಡುಗನನ್ನ ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸಿದೆ. ತೂಕ ಎತ್ತಬೇಡ ಅಂತ ನೀನು ಬರೆದದ್ದು ಅವಾಗ ನೆನಪಾಗಲಿಲ್ಲ. ಅವನ ಹಿಂದೆ ನಾನೂ ಹತ್ತಿದೆ.

ಕಂಡಕ್ಟರ್ ಬಂದು ಎಷ್ಟು ಟಿಕೆಟ್ಟು ಯಜಮಾನ್ರೆ ಅಂದ. ಎರಡೂವರೆ ಅಂದೆ.

ಪುಟ್ಟಮಲ್ಲಪ್ಪ